ಸಪ್ಪಳ ಮಾಡೋ ಡಬ್ಬಿ, ಕಿವಿ ಮುಚ್ಚಿಕೊಂಡ ಮಂದಿ

ಮುಂಜಾನೆ ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೆ "ಗರ್ರ್ರ್" ಅಂತ ಸಪ್ಪಳ ಬಂತಂದ್ರ ನಿಮ್ಮನ್ಯಾಗ ಏನಾಗ್ತದ್ರಿ? ಹೇಳೂದೇನು ಬ್ಯಾಡ, ನಂಗ ಗೊತ್ತದ. ಒಬ್ರು ಪೇಪರಿನಿಂದ ತಲಿ ಎತ್ತದನ "ಅದು ಹಂಗ ಮಾಡ್ತದ, ಬಿಡು" ಅಂತಾರ. ಇನ್ನೊಬ್ರು ಎದ್ದು ಬಂದು ಡಬ್ಬಿ ನೆತ್ತಿ ಮ್ಯಾಲೆ ಎರಡು ಬಡೀತಾರ. ಮೂರನೇದವ್ರು "ಹಳೇದಾತು, ಹೊಸಾದು ತೊಗೊಂಡು ಬಿಡೂಣು" ಅಂತಾರ. ಇವ್ರೆಲ್ಲಾರ ಹಿಂದ ನಾಲ್ಕನೇದವ್ರು ಒಬ್ರು ಇರ್ತಾರ. ಅವ್ರು ಒಲಿ ಮುಂದ ನಿಂತಿರ್ತಾರ. ಆ ಸಪ್ಪಳ ಅವ್ರಿಗೆ ಎಂಟು ದಿನದಿಂದ ಕೇಳಸ್ಲಿಕತ್ತಿರ್ತದ, ಆದ್ರ ಬಾಯಿ ಬಿಡೂದಿಲ್ಲ. ಬಾಯಿ ಬಿಟ್ರ "ಕಂಪ್ಯೂಟರಿನಾಗ ನಿನಗೇನ್ ತಿಳೀತದ" ಅಂತ ಒಂದು ಮಾತು ತಯಾರ್ ಇರ್ತದಲ್ಲ.

ನನ್ನ ತಕರಾರು ಇವತ್ತ ಈ ನಾಲ್ಕೂ ಮಂದಿ ಮ್ಯಾಲೆ ಅದ. ನಾಲ್ಕನೇದವ್ರ ಮ್ಯಾಲೆ ಅಂದ್ರ ನನ್ನ ಮ್ಯಾಲೇ ಅಂತ ತಿಳ್ಕೋರಿ.

ಮೊದಲ ಹೇಳಿಬಿಡ್ತೀನಿ, ನಾ ಕಲ್ತಿದ್ದು ಪಿಯುಸಿ ತನಕ. ಕಂಪ್ಯೂಟರ್ ಕ್ಲಾಸಿಗೆ ಹೋದಾಕಿ ಅಲ್ಲ. ಆದ್ರ ಮೂವತ್ತು ವರ್ಷದಿಂದ ಅಡಿಗಿ ಮನ್ಯಾಗ ನಿಂತು ನಾ ಏನ್ ಮಾಡ್ಲಿಕತ್ತೀನಿ ಅಂತೀರಿ? ಕಣ್ಣಿನಕಿಂತ ಹೆಚ್ಚು ಕಿವಿಲೇ ಕೆಲಸಾ ಮಾಡ್ಲಿಕತ್ತೀನಿ. ಸಾಸಿವಿ ಚಟಪಟ ಅನ್ನೂದು ನಿಂತ ಕೂಡ್ಲೆ ಕರಿಬೇವು ಬೀಳಬೇಕು, ಒಂದು ಗಳಿಗಿ ತಡಾ ಆದ್ರ ಒಗ್ಗರಣಿ ಕಹಿ. ಶೇಂಗಾ ಹುರಿಯೋವಾಗ ಸಪ್ಪಳ ಬದಲಾತಂದ್ರ ಒಲಿ ಸಣ್ಣ ಮಾಡಬೇಕು. ಕುಕ್ಕರ್ ಸೀಟಿ ಹೊಡೀದ ಸುಮ್ನ "ಸುಂಯ್" ಅಂತ ಉಸುರು ಬಿಡ್ಲಿಕತ್ತಂದ್ರ ರಬ್ಬರಿನ ರಿಂಗ್ ಸಡಲ ಆಗೇದ. ಬಚ್ಚಲದಾಗ ಇದ್ರೂ ಬೋರಿನ ಮೋಟರ್ ದನಿ ಏರಿದ್ದು ಕೇಳಸ್ತದ. ನೀರಿಲ್ದ ಓಡ್ಲಿಕತ್ತದ, ಬಂದ್ ಮಾಡ್ರಿ ಅಂತ ಅಲ್ಲಿಂದನ ಒದರ್ತೀನಿ. ಇದನ್ನ ಯಾರೂ ವಿದ್ಯಾ ಅನ್ನೂದಿಲ್ಲ, ರೂಢಿ ಅಂತಾರ. ಅನ್ಲಿ. ಆದ್ರ ಇದ ಕಿವಿ ಅಡಿಗಿ ಮನಿ ಹೊಸ್ತಿಲಾ ದಾಟಿ ಕಂಪ್ಯೂಟರ್ ಖೋಲಿಗೆ ಬಂದ ಕೂಡ್ಲೆ ಯಾಕ ಕಿವುಡ ಆಗಬೇಕು?

ನಮ್ಮ ಅತ್ತಿಯವ್ರು ಇನ್ನೂ ಒಂದು ಕೈ ಮ್ಯಾಲೆ ಇದ್ರು. ಊರಾಗ ಇದ್ದಾಗ ನಾ ಬೀಸೋಕಲ್ಲಿನ ಮುಂದ ಕೂತು ಬೀಸಲಿಕತ್ತಿದ್ರ ಅವ್ರು ಪಡಸಾಲಿಯಾಗ ಬತ್ತಿ ಹೊಸೀಕೋತ "ಕಾಳು ಮುಗೀತ ನೋಡವಾ, ಕಲ್ಲು ಕಲ್ಲಿಗೆ ತಿಕ್ಕಲಿಕತ್ತದ" ಅಂತಿದ್ರು. ನನ್ನ ಮುಂದ ಇದ್ದ ಕಲ್ಲು, ನಂಗ ತಿಳ್ದಿರ್ತಿದ್ದಿಲ್ಲ, ಗ್ವಾಡಿ ಆಚೆ ಇದ್ದವ್ರಿಗೆ ತಿಳೀತಿತ್ತು. ಕಾಳಿಲ್ಲದ ಕಲ್ಲಿನ ಸಪ್ಪಳಾನ ಬ್ಯಾರೆ. ಹಂಗ ಬಿಟ್ರ ಕಲ್ಲೂ ಸವೀತದ, ಹಿಟ್ಟಿನಾಗ ಮರಳೂ ಬೀಳ್ತದ. ಈ ಮಾತು ನೆನಪಿಡ್ರಿ, ಮುಂದ ಬರ್ತದ.

ಈಗ ಡಬ್ಬಿಗೆ ಬರೂಣು. ಸಿಪಿಯು ಅಂತ ನಾವೆಲ್ಲಾ ಕರೀತೀವಲ್ಲ, ಆ ಡಬ್ಬಿ. ಖರೇ ಅಂದ್ರ ಸಿಪಿಯು ಅನ್ನೂದು ಅದರೊಳಗಿನ ಒಂದು ಸಣ್ಣ ಬಿಲ್ಲಿ ಅಷ್ಟ. ಅದರ ಮ್ಯಾಲೊಂದು ಫ್ಯಾನ್ ಕೂತಿರ್ತದ. ಡಬ್ಬಿ ಬೆನ್ನಿಗೆ ಒಂದು ಫ್ಯಾನ್, ಕರೆಂಟ್ ಕೊಡೋ ಪೆಟ್ಟಿಗಿ, ಎಸ್‌ಎಂಪಿಎಸ್ ಅಂತಾರಲ್ಲ, ಅದರಾಗ ಒಂದು ಫ್ಯಾನ್. ಹುಡುಗ್ರು ಆಟಾ ಆಡೋ ಕಂಪ್ಯೂಟರ್ ಇದ್ರ ಗ್ರಾಫಿಕ್ಸ್ ಕಾರ್ಡಿಗೂ ಒಂದೋ ಎರಡೋ. ಮತ್ತ ಹಾರ್ಡ್ ಡಿಸ್ಕ್, ಸಿಡಿ ಹಾಕೋ ಡ್ರೈವ್. ತಿರುಗೂವು ಅಂದ್ರ ಇಷ್ಟ ನೋಡ್ರಿ. ಉಳಿದದ್ದೆಲ್ಲಾ ಕೂತಲ್ಲೆ ಕೂತಿರ್ತದ. ಕೂತದ್ದು ಗರಗರ ಅನ್ನೂದಿಲ್ಲ. ಅಂದ ಮ್ಯಾಲೆ ಗರಗರ ಬಂತಂದ್ರ ಈ ನಾಲ್ಕೈದರಾಗ ಒಂದು. ಇದಕ್ಕ ಇಂಜಿನಿಯರಿಂಗ್ ಬೇಕೇನ್ರಿ? ಮಿಕ್ಸರ್ ಕೆಟ್ರ ಜಾರ್ ತಗದು ಬರೇ ಮೋಟರ್ ತಿರುಗಿಸಿ ನೋಡ್ತೀವೋ ಇಲ್ಲೋ? ಅದ ಲೆಕ್ಕ.

ಆದ್ರ ಯಾವ ಸಪ್ಪಳ ಸರಿ, ಯಾವುದು ಕೆಟ್ಟದ್ದು ಅನ್ನೂದು ಗೊತ್ತಿರಬೇಕಂದ್ರ ಕಂಪ್ಯೂಟರ್ ಆರಾಮ ಇದ್ದಾಗ ಅದರ ದನಿ ಕೇಳಿರಬೇಕು. ಚಾಲೂ ಮಾಡಿದ ಕೂಡ್ಲೆ ಫ್ಯಾನು ಒಂದೆರಡು ಸೆಕೆಂಡ್ ಜೋರ್ ತಿರುಗಿ ಮತ್ತ ಸಣ್ಣ ಆಗ್ತಾವ, ಅದು ಸರಿ. ಹಾರ್ಡ್ ಡಿಸ್ಕ್ "ಜುಂಯ್" ಅಂತ ವೇಗ ಹಿಡೀತದ, ನಡುವ ಒಂದು "ಟಕ್" ಅಂತದ, ಅದೂ ಸರಿ. ಸಿಡಿ ಡ್ರೈವ್ "ಕಿರ್ರ್" ಅಂತ ಒಳಗ ಏನಾರ ಅದಯೇನು ಅಂತ ತಡವರಿಸಿ ನೋಡ್ತದ. ಎಷ್ಟೋ ಕಂಪ್ಯೂಟರ್‌ನಾಗ ಒಂದು ಸಣ್ಣ "ಪೀ" ಬರ್ತದ, ಎಲ್ಲಾ ಸರಿ ಅದ ಅಂತ ಅದರ ಅರ್ಥ. ಇದು ದಿನಾ ಬರೋ ರಾಗ. ಈ ರಾಗ ತಪ್ಪಿತಂದ್ರ ಎದ್ದು ಹೋಗಿ ನೋಡಬೇಕು. ರಾಗಾನ ಕೇಳದವ್ರಿಗೆ ಅಪಸ್ವರ ಎಲ್ಲಿಂದ ತಿಳೀಬೇಕು? "ಅದು ಹಂಗ ಮಾಡ್ತದ" ಅನ್ನೋರಿಗೆ ನಾ ಕೇಳೂದು ಒಂದ ಪ್ರಶ್ನಿ. ಹೆಂಗ ಮಾಡ್ತದ? ನಿನ್ನೆ ಹಂಗ ಮಾಡ್ತಿತ್ತೇನು? ಹೋದ ವರ್ಷ ಹಂಗ ಮಾಡ್ತಿತ್ತೇನು? ಒಬ್ರಾದ್ರೂ ಉತ್ತರಾ ಹೇಳ್ಯಾರೇನು ಅಂತ ನೋಡ್ರಿ.

ಇದನ್ನೆಲ್ಲಾ ನಾ ಇಷ್ಟು ಸಿಟ್ಟಿನಿಂದ ಯಾಕ ಬರೀಲಿಕತ್ತೀನಿ ಅಂದ್ರ ನಮ್ಮನ್ಯಾಗ ಒಂದು ಆಗಿ ಹೋಗೇದ.

ಕಂಪ್ಯೂಟರ್ ತೊಗೊಂಡಿದ್ದು 2012ರಾಗ, ಮಗನ ಇಂಜಿನಿಯರಿಂಗ್ ಸಲುವಾಗಿ. 2014ರ ಶ್ರಾವಣದಾಗ ಅವ ಸೂಟಿಗೆ ಬಂದಾಗ ಅತ್ತಿಯವ್ರನ್ನ ಕೂಡಿಸ್ಕೊಂಡು ಮೊಬೈಲಿನಾಗ ಅವ್ರ ಹಾಡು ಹಿಡದಾ. ಬೀಸೋಕಲ್ಲಿನ ಪದಾ, ಪಂಚಮಿ ಪದಾ, ಆರತಿ ಹಾಡು, ಒಟ್ಟ 21. ನಡುವ ಕೆಮ್ಮಿದ್ದು, "ಸಾಕ ಬಿಡೋ, ದನಿ ಹೋಗೇದ" ಅಂದಿದ್ದು ಎಲ್ಲಾ ಅದರಾಗ ಇತ್ತು. ಎಲ್ಲಾ ಕಂಪ್ಯೂಟರಿಗೆ ಹಾಕಿ, ಮೊಬೈಲಿನಾಗ ಜಾಗಾ ಸಾಲೂದಿಲ್ಲಂತ ಅಲ್ಲಿಂದ ತಗದಾ. 2016ರಾಗ ಅತ್ತಿಯವ್ರು ಹೋದ್ರು.

2017ರ ಮಳಿಗಾಲದಾಗ ಮುಂಜಾನೆ ಚಾಲೂ ಮಾಡಿದ ಕೂಡ್ಲೆ "ಟಿಕ್... ಟಿಕ್... ಟಿಕ್" ಅಂತ ಒಂದು ಸಪ್ಪಳ ಶುರುವಾತು. ಗಡಿಯಾರದಂಗ ಒಂದ ಅಳತಿ. ನಾಲ್ಕೈದು ಸಲಾ ಅಂದು ಸುಮ್ನಾಗಿ ಆಮ್ಯಾಲೆ ಕಂಪ್ಯೂಟರ್ ಏಳ್ತಿತ್ತು. ನಾ ನಮ್ಮನಿಯವ್ರಿಗೆ ಹೇಳ್ದೆ, "ರೀ, ಇದು ಮೊದಲ ಹಿಂಗ ಅಂತಿದ್ದಿಲ್ರಿ" ಅಂತ. ಅವ್ರು ಸೊಸೈಟಿ ಲೆಕ್ಕದಾಗ ಮುಳುಗಿದ್ರು. "ಚಾಲೂ ಆಗ್ತದಿಲ್ಲೋ? ಮತ್ತ? ನಿನಗೇನ್ ತಿಳೀತದ ಇದರಾಗ" ಅಂದ್ರು. ಕೆಟ್ಟ ಮನಸಿನಿಂದ ಅಂದಿದ್ದಲ್ಲ, ಅಂದು ರೂಢಿ. ಎರಡು ದಿನ ಬಿಟ್ಟು ಏಳೂದು ತಡಾ ಆತು, ಅವ್ರ ಎದ್ದು ಡಬ್ಬಿಗೆ ಎರಡು ಬಡದ್ರು. ಎದ್ದಿತು. "ನೋಡಿದೇನು?" ಅಂತ ನನ್ನ ಕಡೆ ನೋಡಿ ನಕ್ಕರು.

ನಾ ಎರಡನೇ ಸಲ ಹೇಳ್ಲಿಲ್ಲ.

ಹನ್ನೆರಡನೇ ದಿನಕ್ಕೋ ಹದಿಮೂರನೇ ದಿನಕ್ಕೋ ಟಿಕ್ ಟಿಕ್ ಅನ್ನೂದು ನಿಲ್ಲಲೇ ಇಲ್ಲ, ಪರದಿ ಮ್ಯಾಲೆ ಏನೂ ಬರ್ಲಿಲ್ಲ. ಅಂಗಡಿಗೆ ಒಯ್ದ್ರ ಹಾರ್ಡ್ ಡಿಸ್ಕ್ ಹೋಗೇದ ಅಂದ್ರು. ಬೆಂಗಳೂರಿಗೆ ಕಳಿಸಿದ್ವಿ, ಒಳಗಿನ ತಟ್ಟಿ ಗೀರಿ ಹೋಗೇದ, ಏನೂ ಸಿಗೂದಿಲ್ಲ ಅಂತ ಅಲ್ಲಿಂದ ವಾಪಸ್ ಬಂತು. 21 ಪದಾ ಹೋದವು. ಸೊಸೈಟಿ ಲೆಕ್ಕ ಕಾಗದದಾಗ ಇತ್ತು, ಮತ್ತ ಬರದ್ರು. ಅತ್ತಿಯವ್ರ ದನಿ ಯಾವ ಕಾಗದದಾಗ ಇತ್ತು?

ಆಮ್ಯಾಲೆ ಮಗಾ ಫೋನಿನಾಗ ತಿಳಿಸಿ ಹೇಳಿದಾಗ ನನ್ನ ಹೊಟ್ಟಿಯಾಗ ಬೆಂಕಿ ಬಿದ್ದಂಗಾತು. ನಮ್ಮಂಥಾ ಮನಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸಾಧಾರಣ ನಿಮಿಷಕ್ಕ 7200 ಸುತ್ತು ತಿರುಗ್ತದ. ಅದರ ಮ್ಯಾಲೆ ಓದೋ ಮುಳ್ಳು ಇರ್ತದಲ್ಲ, ಅದು ತಟ್ಟಿಗೆ ಹತ್ತಂಗಿಲ್ಲ, ಸ್ವಲ್ಪ ಮ್ಯಾಲೆ ತೇಲ್ತಿರ್ತದ. ಆ ಸಂದು ನಮ್ಮ ತಲಿಗೂದಲಿನ ದಪ್ಪಕಿಂತ ಸಾವಿರಾರು ಪಟ್ಟು ಸಣ್ಣದು. ಅಂಥಾದ್ದರ ನೆತ್ತಿ ಮ್ಯಾಲೆ ಬಡಿಯೂದಂದ್ರ ಏನ್ರಿ? ಹಳೇ ಟಿವಿಗೆ ಬಡದ್ರ ಸಡಲ ಆದ ತಂತಿ ಕೂತು ಚಿತ್ರ ಬರ್ತಿತ್ತು, ಖರೇ. ಆ ರೂಢಿ ಕೈಯಾಗ ಉಳದುಬಿಟ್ಟದ. ಟಿಕ್ ಟಿಕ್ ಅನ್ನೂದಂದ್ರ ಆ ಮುಳ್ಳು ತನ್ನ ಜಾಗಾ ಸಿಗದ ಹೋಗಿ ಬಂದು, ಹೋಗಿ ಬಂದು ಮಾಡ್ಲಿಕತ್ತದ ಅಂತ. ಅತ್ತಿಯವ್ರು ಹೇಳ್ತಿದ್ದ ಮಾತನ್ನ ಅದು ಹನ್ನೆರಡು ದಿನ ಹೇಳ್ತು. ಕಲ್ಲು ಕಲ್ಲಿಗೆ ತಿಕ್ಕಲಿಕತ್ತದ, ಎದ್ದು ನೋಡ್ರಿ ಅಂತ. ಆ ಹನ್ನೆರಡು ದಿನದಾಗ ಒಂದು ಪೆನ್ ಡ್ರೈವ್ ತಂದು ಹಾಡು ತಗದು ಇಟ್ಟಿದ್ರ ಮುಗೀತಿತ್ತು. ಹತ್ತು ನಿಮಿಷದ ಕೆಲಸಾ.

ಅದಕ್ಕ ಹೇಳ್ತೀನಿ, ಎಲ್ಲಾ ಸಪ್ಪಳಕ್ಕೂ ಒಂದ ಮದ್ದಲ್ಲ. ಟಿಕ್ ಟಿಕ್ ಬಂತಂದ್ರ ರಿಪೇರಿ ಮಾತು ಆಮ್ಯಾಲೆ, ಮೊದಲ ಏನ್ ಬೇಕೋ ಅದನ್ನ ಬ್ಯಾರೆ ಕಡೆ ಇಳಿಸ್ಕೋರಿ. ಹತ್ತು ಸಲಾ ಬಂದ್ ಮಾಡಿ ಚಾಲೂ ಮಾಡಿ ಪರೀಕ್ಷಾ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ಪ್ರತಿ ಸಲಾ ಇನ್ನಷ್ಟು ಕೆಡ್ತದ. ಫ್ರಿಜ್ಜಿನಾಗ ಇಟ್ರ ಸರಿ ಆಗ್ತದ ಅಂತ ಒಬ್ಬ ಜಾಣ ನಂಗ ಹೇಳಿದ್ದಾ. ಒಳಗ ಪಸಿ ಹಿಡದು ಇದ್ದದ್ದೂ ಹೋಗ್ತದ. ಹಾರ್ಡ್ ಡಿಸ್ಕ್ ಆರೋಗ್ಯ ತೋರಿಸೋ ಪುಕ್ಕಟೆ ಪ್ರೋಗ್ರಾಮು ಅವ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ನಮ್ಮ ಮಗಾ ಹಾಕಿ ಕೊಟ್ಟಾನ. ನೀಲಿ ಇದ್ರ ಸರಿ, ಹಳದಿ ಬಂದ್ರ ಹುಷಾರ್. ಎರಡು ತಿಂಗಳಿಗೊಮ್ಮೆ ನೋಡ್ತೀನಿ. ಆದ್ರ ನೀಲಿ ಅದ ಅಂತ ಕಿವಿ ಮುಚ್ಚಿಕೊಂಡು ಕೂಡಂಗಿಲ್ಲ.

ಇನ್ನ ಬಡಿಯೋರ ಸುದ್ದಿ ಮುಗೀತು, ಹೊಸಾದು ತೊಗೋ ಅನ್ನೋರ ಕಡೆ ಬರ್ತೀನಿ.

ಈ ಸಲ ಸಂಕ್ರಾಂತಿ ಮುಂದ ಅದ ಡಬ್ಬಿ, ಹಾರ್ಡ್ ಡಿಸ್ಕ್ ಬದ್ಲಿ ಮಾಡಿದ್ದು, ಮುಂಜಾನೆ ಗರ್ರ್ ಅನ್ಲಿಕತ್ತು. ಕಡ್ಡಿಪೆಟ್ಟಿಗಿಯೊಳಗ ಜೀರುಂಡಿ ಹಾಕಿದಂಗ. ಹತ್ತು ನಿಮಿಷ ಬಿಟ್ಟು ತಾನ ಸುಮ್ನಾಗ್ತಿತ್ತು. ಮಧ್ಯಾಹ್ನ ಚಾಲೂ ಮಾಡಿದ್ರ ಇಲ್ಲ, ಥಂಡಿ ಮುಂಜಾನೆ ಮಾತ್ರ. ನಮ್ಮನಿಯವ್ರು ಈ ಸಲ ಬಡೀಲಿಲ್ಲ, ಅಷ್ಟು ಬದಲಾಗ್ಯಾರ. ಸೀದಾ ಅಂಗಡಿಗೆ ಒಯ್ಯೂಣು ಅಂದ್ರು. ನಾನೂ ಹೋದೆ.

ಅಂಗಡಿ ಹುಡುಗ ಡಬ್ಬಿ ಬಿಚ್ಚಲಿಲ್ಲ, ಚಾಲೂ ಮಾಡ್ಲಿಲ್ಲ. ಬೆನ್ನಿನ ಮ್ಯಾಲಿನ ಚೀಟಿ ನೋಡಿ, "ಆಂಟಿ, ಇದು 2012ರ ಪೀಸ್. ಬೋರ್ಡ್ ಹೋಗ್ಲಿಕ್ಕೆ ಬಂದದ, ಅದಕ್ಕ ಸೌಂಡ್ ಮಾಡ್ತದ. ವಿಂಡೋಸ್ ಟೆನ್ ಬ್ಯಾರೆ ಬಂದ್ ಆಗೇದ. ಮೂವತ್ತೈದು ಸಾವಿರಕ್ಕ ಹೊಸಾ ಸೆಟ್ ಕೂಡಿಸಿ ಕೊಡ್ತೀನಿ" ಅಂದಾ.

ನಾ ಕೇಳ್ದೆ, "ತಮ್ಮಾ, ಬೋರ್ಡಿನಾಗ ತಿರುಗೂದು ಏನದ?"

ಅವ ನನ್ನ ಮುಖಾ ನೋಡಿದಾ. "ಬೋರ್ಡಿನ ಮ್ಯಾಲೆ ಫ್ಯಾನ್ ಇರ್ತದಲ್ರಿ ಆಂಟಿ."

"ಹಂಗಾರ ಫ್ಯಾನ್ ಕೆಟ್ಟದ ಅನ್ನು, ಬೋರ್ಡ್ ಹೋಗೇದ ಅಂತ ಯಾಕಂತಿ? ಸೀಲಿಂಗ್ ಫ್ಯಾನ್ ಕಿರ್ ಅಂದ್ರ ಮನಿ ಛತ್ತ ಬದ್ಲಿ ಮಾಡ್ತಾರೇನು?"

ನಮ್ಮನಿಯವ್ರು ನನ್ನ ಸೆರಗು ಜಗ್ಗಿದ್ರು. ನಾ ಡಬ್ಬಿ ಎತ್ತಿಸ್ಕೊಂಡು ಮನಿಗೆ ಬಂದೆ.

ಆ ಹುಡುಗನ ಮ್ಯಾಲೆ ನಂಗ ಸಿಟ್ಟಿಲ್ಲ. ಹೊಸಾ ಸೆಟ್ ಮಾರಿದ್ರ ಅವನ ಮಾಲಕ ಖುಷಿ, ಫ್ಯಾನ್ ಬದ್ಲಿ ಮಾಡಿದ್ರ ಯಾರಿಗೇನು? ಸಿಟ್ಟು ನಮ್ಮ ಮ್ಯಾಲೆ ಅದ. ನಾವ ಅವನಿಗೆ ಆ ರೂಢಿ ಹಚ್ಚೇವಿ. ಹತ್ತು ರೂಪಾಯಿ ಕೊತ್ತಂಬ್ರಿಗೆ ಎರಡು ಸಲಾ ಚೌಕಾಶಿ ಮಾಡೋರು, ಮೂವತ್ತೈದು ಸಾವಿರದ ಮಾತಿಗೆ "ಯಾಕ?" ಅಂತ ಒಂದು ಸಲಾನೂ ಕೇಳೂದಿಲ್ಲ. ಕೇಳಿದ್ರ ಮರ್ಯಾದಿ ಹೋಗ್ತದಂತ. ತಿಳಿಯದ್ದನ್ನ ಕೇಳಿದ್ರ ಮರ್ಯಾದಿ ಹೋಗೂದಿಲ್ರೆ, ರೊಕ್ಕ ಉಳೀತದ.

ಮನಿಗೆ ಬಂದು ಏನ್ ಮಾಡಿದೆ ಅಂತ ಹೇಳ್ತೀನಿ, ನೀವೂ ಮಾಡಬಹುದು. ಕರೆಂಟ್ ಬಂದ್ ಮಾಡಿ, ವಾಯರ್ ಕಿತ್ತು, ಡಬ್ಬಿ ಬಾಜೂದ ಬಾಗಲಾ ತಗದೆ. ಎರಡು ಸ್ಕ್ರೂ ಅಷ್ಟ. ಒಳಗ ನೋಡಿದ್ರ ಧೂಳು! ಊದಿನಕಡ್ಡಿ ಹೊಗಿ, ಒಗ್ಗರಣಿ ಜಿಡ್ಡು, ಓಣಿ ಧೂಳು ಎಲ್ಲಾ ಕೂಡಿ ಹಂಡಾದ ತಳಾ ಆದಂಗ ಆಗಿತ್ತು. ಮೆತ್ತನ್ನ ಬ್ರಷ್‌ಲೇ ಸಾವಕಾಶ ಜಾಡಿಸಿದೆ. ಜಾಡಿಸೋವಾಗ ಫ್ಯಾನಿನ ರೆಕ್ಕಿ ಬೆರಳಿನಿಂದ ಹಿಡ್ಕೋಬೇಕು, ಸುಮ್ನ ಗರಗರ ತಿರುಗ್ಲಿಕ್ಕೆ ಬಿಡಬಾರದು. ಆಮ್ಯಾಲೆ ಬಳಿ ತಗದಿಟ್ಟೆ, ಹೆಳಲು ಕಟ್ಟಿದೆ, ಸೆರಗು ಸಿಗಿಸಿದೆ. ತಿರುಗೂದರ ಮುಂದ ಕೂಡೋವಾಗ ಇಷ್ಟು ಮಾಡಲೇಬೇಕು. ಬಾಗಲಾ ತೆರದಿಟ್ಟ ಚಾಲೂ ಮಾಡ್ಸಿ, ಪೇಪರ್ ಸುರುಳಿ ಸುತ್ತಿ ಒಂದು ತುದಿ ಕಿವಿಗೆ ಇಟ್ಕೊಂಡೆ. ಇನ್ನೊಂದು ತುದಿ ಯಾವ ಫ್ಯಾನಿಗೂ ಹತ್ತದಂಗ, ಸ್ವಲ್ಪ ದೂರದಿಂದನ ಹಿಡದೆ. ಡಾಕ್ಟರ್ ಎದಿ ನೋಡ್ತಾರಲ್ಲ, ಹಂಗ. ಒಳಗ ಕೈ ಮಾತ್ರ ಹಾಕ್ಲಿಲ್ಲ.

ಬಿಲ್ಲಿ ಮ್ಯಾಲಿನ ಫ್ಯಾನ್ ಸುಂಯ್ ಅಂತ ಸರಿಯಾಗಿ ತಿರುಗ್ಲಿಕತ್ತಿತ್ತು. ಹಾರ್ಡ್ ಡಿಸ್ಕ್ ಸುಮ್ನ ಇತ್ತು. ಬೆನ್ನಿನ ಫ್ಯಾನ್ ಕಡೆ ಸುರುಳಿ ತಿರುಗಿಸಿದ ಕೂಡ್ಲೆ ಜೀರುಂಡಿ ಕಿವಿಯೊಳಗ ಬಂತು. ಕಾರಣ ಅಂದ್ರ ಒಳಗಿನ ಎಣ್ಣಿ ಒಣಗೇದ. ಥಂಡಿಗೆ ಬಿರುಸಾಗಿ ತಿಕ್ಕತದ, ಬೆಚ್ಚಗಾದ ಮ್ಯಾಲೆ ಸಡಲ ಆಗಿ ಸುಮ್ನಾಗ್ತದ. ನಮ್ಮ ಹೊಲಿಗಿ ಮಷಿನ್ನೂ ಹಂಗ ಮಾಡ್ತದ. ಅದಕ್ಕ ಎಣ್ಣಿ ಹನಿಸಿದ್ರ ವರ್ಷಗಟ್ಲೆ ನಡೀತದ, ಇದಕ್ಕ ಹನಿಸಿದ್ರ ನಾಲ್ಕು ದಿನ ನಡದು ಮತ್ತ ಶುರುವಾಗ್ತದ, ಧೂಳೂ ಅಂಟ್ತದ. ಫ್ಯಾನ್ ಬದ್ಲಿ ಮಾಡೂದ ಛಲೋ. ಬ್ಯಾರೆ ಅಂಗಡ್ಯಾಗ ಅದ ಅಳತಿ ಫ್ಯಾನ್ 350 ರೂಪಾಯಿಗೆ ಸಿಕ್ತು. ನಾಲ್ಕು ಸ್ಕ್ರೂ, ಒಂದು ವಾಯರ್. ಗಾಳಿ ಹೊರಗ ಹೋಗೋ ದಿಕ್ಕಿಗೆ ಮುಖಾ ಇರಬೇಕು, ಅಷ್ಟ ನೆನಪಿಟ್ರ ಮುಗೀತು. ಮೂವತ್ತೈದು ಸಾವಿರಕ್ಕೂ ಮುನ್ನೂರಾ ಐವತ್ತಕ್ಕೂ ನೂರು ಪಟ್ಟು ಫರಕ್. ಆ ಫರಕಿನ ರೊಕ್ಕ ಯಾರ ಕಿಸೆದಾಗ ಹೋಗೂದಿತ್ತು ಅಂತ ನೀವ ಲೆಕ್ಕ ಹಾಕ್ರಿ.

ಉಳಿದ ಸಪ್ಪಳಾನೂ ಇಷ್ಟ ಸಾದಾ ಅವ. "ಟಕಟಕಟಕ" ಅಂತ ಬಿಡದ ಬಂದ್ರ ಸೈಕಲ್ ಗಾಲಿಗೆ ಪಟ್ಟಿ ಸಿಗಿಸಿದಂಗ, ಯಾವದೋ ವಾಯರ್ ಫ್ಯಾನಿಗೆ ಹತ್ತೇದ. ಬಂದ್ ಮಾಡಿ ಸರಿಸಿ ಕಟ್ಟಿದ್ರ ಮುಗೀತು. "ಪೀ... ಪೀ... ಪೀ" ಅಂತ ಕೂಗಿ ಪರದಿ ಕಪ್ಪಗ ಇದ್ರ ಬಹಳ ಸಲಾ ರ‍್ಯಾಮ್ ಸಡಲ ಆಗಿರ್ತದ, ಇಲ್ಲಾ ಮಳಿಗಾಲದ ಪಸಿಗೆ ಅದರ ಹಲ್ಲು ಮಸಕ ಆಗಿರ್ತಾವ. ವಾಯರ್ ಕಿತ್ತು, ಡಬ್ಬಿಯ ಕಬ್ಬಿಣಾ ಒಮ್ಮೆ ಮುಟ್ಟಿ ಮೈಯಾಗಿನ ಜುಮ್ ಕಳ್ಕೊಂಡು, ಅದನ್ನ ತಗದು ಬಂಗಾರ ಬಣ್ಣದ ಹಲ್ಲು ಪೆನ್ಸಿಲ್ ರಬ್ಬರಿನಿಂದ ಹಗೂರಕ ಒರಸಿ, ಪುಡಿ ಜಾಡಿಸಿ, ಎರಡೂ ಕಡೆ ಕಟ್ ಅನ್ನೋ ತನಕ ಒತ್ತಿ ಕೂಡಿಸಬೇಕು. ಎಷ್ಟು ಪೀ, ಯಾವುದು ಉದ್ದ, ಯಾವುದು ಗಿಡ್ಡ ಅನ್ನೂದಕ್ಕೂ ಅರ್ಥ ಇರ್ತದ. ಒಂದು ಉದ್ದ ಎರಡು ಗಿಡ್ಡ ಬಂದ್ರ ಕೆಲವು ಕಂಪ್ಯೂಟರ್‌ನಾಗ ಚಿತ್ರ ತೋರಿಸೋ ಭಾಗದ ತೊಂದ್ರಿ ಅಂತ. ಕಂಪನಿಗೊಂದು ಲೆಕ್ಕ ಇರ್ತದ, ಬೋರ್ಡಿನ ಜೋಡಿ ಬಂದ ಪುಸ್ತಕದಾಗ ಬರದಿರ್ತಾರ. ಆ ಪುಸ್ತಕಾ ರದ್ದಿಗೆ ಹಾಕಬ್ಯಾಡ್ರಿ. ಮತ್ತ ಒಂದು ಮಾತು. ಪೀ ಅಂದ ಕೂಡ್ಲೆ ಡಬ್ಬಿ ಬಿಚ್ಚೋ ಮೊದಲ ಕೆಳಗಿನ ಯುಪಿಎಸ್ ಕೂಗ್ಲಿಕತ್ತದೇನು ನೋಡ್ರಿ, ಅದರ ಬ್ಯಾಟ್ರಿ ಮುದಿ ಆಗಿದ್ರ ಅದೂ ಕೂಗ್ತದ. ಕೀಬೋರ್ಡಿನ ಮ್ಯಾಲೆ ಯಾರಾರ ಪುಸ್ತಕಾ ಇಟ್ಟಾರೇನು ಅದನ್ನೂ ನೋಡ್ರಿ. ನಮ್ಮನ್ಯಾಗ ಒಮ್ಮೆ ಪಂಚಾಂಗ ಇಟ್ಟು ಅರ್ಧಾ ತಾಸು ಗಾಬರಿ ಆಗಿದ್ವಿ.

"ಕರೆಂಟಿನ ಕೆಲಸಾ, ಹೆಣ್ಮಕ್ಕಳು ಕೈ ಹಾಕಿ ಏನಾರ ಆದ್ರ?" ಅಂತ ಕೇಳೋರು ಇರ್ತಾರ. ಈ ಮಾತಿನಾಗ ಅರ್ಧಾ ಖರೇ ಅದ, ಆ ಅರ್ಧಾ ನಾ ಒಪ್ಕೋತೀನಿ. ಎಸ್‌ಎಂಪಿಎಸ್ ಪೆಟ್ಟಿಗಿ ಮಾತ್ರ ಬಿಚ್ಚಬಾರದು. ವಾಯರ್ ಕಿತ್ತ ಮ್ಯಾಲೂ ಅದರೊಳಗ ಕರೆಂಟ್ ಕೂತಿರ್ತದ, ಹೊಡೀತದ. ಅದರಿಂದ ಗರಗರ ಬಂದ್ರ ಪೂರ್ತಿ ಪೆಟ್ಟಿಗಿ ಬದ್ಲಿ ಮಾಡಸ್ರಿ. ಸುಟ್ಟ ವಾಸನಿ ಬಂತಂದ್ರ, "ಫಟ್" ಅಂತಂದ್ರ ಮೊದಲ ಪ್ಲಗ್ ಕೀಳ್ರಿ, ಆಮ್ಯಾಲೆ ತಿಳಿದವ್ರನ್ನ ಕರೀರಿ. ಆದ್ರ ಇದು ಹೆಣ್ಮಕ್ಕಳಿಗೆ ಮಾತ್ರ ಹೇಳೋ ಮಾತಲ್ಲ, ಗಂಡಸರನ್ನೂ ಕರೆಂಟ್ ಹೊಡೀತದ. ಬಳಿ ಹಾಕ್ಕೊಂಡ ಕೈ, ವಾಚ್ ಕಟ್ಕೊಂಡ ಕೈ ಅಂತ ಅದು ಭೇದ ಮಾಡೂದಿಲ್ಲ. ಇಪ್ಪತ್ತು ವರ್ಷ ನಾ ಮಿಕ್ಸರಿನ ಫ್ಯೂಸ್ ನೋಡೇನಿ, ಗೀಝರಿನ ತಂತಿ ನೋಡೇನಿ, ಆವಾಗ ಯಾರೂ ಈ ಕಾಳಜಿ ಮಾಡ್ಲಿಲ್ಲಲ್ಲ?

ಇನ್ನೊಂದು ಮಾತೂ ಬರ್ತದ. "ಹಳೇದಕ್ಕ ಎಷ್ಟಂತ ಜೋತು ಬೀಳ್ತೀರಿ? ವಿಂಡೋಸ್ ಟೆನ್ ಖರೇನ ಬಂದ್ ಆಗೇದಲ್ಲ?" ಹೌದು, 2025ರ ಅಕ್ಟೋಬರ್ 14ಕ್ಕ ಕಂಪನಿಯವ್ರು ಅದರ ಮಾಮೂಲಿ ಬೆಂಬಲ ನಿಲ್ಲಿಸ್ಯಾರ. ಅದು ಬ್ಯಾರೆ ವಿಚಾರ, ಬ್ಯಾಂಕಿನ ಕೆಲಸಾ ಮಾಡೋರು ಕೂತು ವಿಚಾರ ಮಾಡಲೇಬೇಕು. ಆ ಕಾರಣಕ್ಕ ಹೊಸಾದು ತೊಗೊಂಡ್ರ ನಂದೇನೂ ತಕರಾರಿಲ್ಲ. ಆದ್ರ ಫ್ಯಾನ್ ಗರ್ ಅಂತದ ಅಂತ ಕಂಪ್ಯೂಟರ್ ಬದ್ಲಿ ಮಾಡೋದು, ವಿಂಡೋಸ್ ಹೆಸರು ಹೇಳಿ ಫ್ಯಾನಿನ ಮಾತು ಮುಚ್ಚೋದು, ಇದು ಬ್ಯಾಡ. ಜ್ವರಾ ಬಂದ್ರ ಜ್ವರಕ್ಕ ಔಷಧ ಕೊಡ್ರಿ, ಚಶ್ಮಾದ ನಂಬರ್ ಬದಲಾಗೇದ ಅಂತ ಹೇಳಬ್ಯಾಡ್ರಿ. ಮತ್ತ ಆ ಹಳೇ ಡಬ್ಬಿ ಎಲ್ಲಿ ಹೋಗ್ತದ ಅಂತ ಯಾರಾರ ನೋಡೀರೇನು? ಗುಜರಿಗೆ ಹೋಗಿ, ತಾಮ್ರದ ಆಸೆಗೆ ಅದರ ವಾಯರ್ ಸುಡ್ತಾರ. ಆ ಹೊಗಿ ಯಾವದೋ ಓಣಿ ಕೂಸಿನ ಮೂಗಿಗೆ ಹೋಗ್ತದ. ಮುನ್ನೂರಾ ಐವತ್ತು ರೂಪಾಯಿ ಫ್ಯಾನಿನ ಸಲುವಾಗಿ.

ಕಡೀಕ ಒಂದು. ಹೊಸಾದು ಮಾರೋರು "ಆಂಟಿ, ಎಸ್‌ಎಸ್‌ಡಿ ಹಾಕಿ ಕೊಡ್ತೀವಿ, ಒಟ್ಟ ಸಪ್ಪಳನ ಬರೂದಿಲ್ಲ" ಅಂತಾರ. ಖರೇ, ಅದರಾಗ ತಿರುಗೂದು ಏನೂ ಇಲ್ಲ, ಬೆಳಕಿನಂಗ ವೇಗ ಅದ, ನಮ್ಮ ಡಬ್ಬಿಗೂ ಒಂದು ಹಾಕ್ಸೀವಿ. ಆದ್ರ ಸಪ್ಪಳ ಇಲ್ಲ ಅಂದ್ರ ಕೆಡೂದಿಲ್ಲ ಅಂತಲ್ಲ. ಅದೂ ಕೆಡ್ತದ, ಆದ್ರ ಟಿಕ್ ಅಂತ ಒಂದು ಮಾತೂ ಹೇಳದ ಒಮ್ಮೆ ಮುಂಜಾನೆ ಸುಮ್ನಾಗಿಬಿಡಬಹುದು. ಹಳೇ ಹಾರ್ಡ್ ಡಿಸ್ಕ್ ಹನ್ನೆರಡು ದಿನ ಕೂಗಿ ಕೂಗಿ ಹೇಳಿತ್ತು, ಕೇಳ್ಲಿಲ್ಲ. ಕೂಗದ್ದು ಬಂದ ಮ್ಯಾಲೆ ಏನ್ ಮಾಡ್ತೀರಿ? ಅದಕ್ಕ ಈಗ ನಮ್ಮನ್ಯಾಗ ಪ್ರತಿ ಅಮಾಸಿಗೆ ದೇವರ ಸಾಮಾನು ತಿಕ್ಕೋ ದಿನ ಫೋಟೋ, ಹೊಲದ ಕಾಗದ, ಎಲ್ಲಾ ಎರಡು ಕಡೆ ಇಳಿಸಿ ಇಡ್ತೀನಿ. ಒಂದು ಟಿಜೋರ್ಯಾಗ, ಒಂದು ಮಗನ ಕಡೆ. ಅತ್ತಿಯವ್ರ ಪದಾ ಮಾತ್ರ ಆ ಗಂಟಿನಾಗ ಇಲ್ಲ. ನಂಗ ನೆನಪಿದ್ದ ಏಳು ಪದಾ ನನ್ನ ಒಡಕ ದನೀಲೇ ಹಾಡಿ ಹಾಕೇನಿ. ಉಳಿದ ಹದಿನಾಲ್ಕಕ್ಕ ಧಾಟಿ ನೆನಪದ, ಮಾತು ಇಲ್ಲ.

ಹೋದ ವಾರ ನಮ್ಮನಿಯವ್ರು ಒಳಗಿಂದ ಕರದ್ರು. "ಏ, ಸ್ವಲ್ಪ ಬಾ ಇಲ್ಲೆ. ಏನೋ ಬ್ಯಾರೆ ಸಪ್ಪಳ ಬರ್ಲಿಕತ್ತದ, ನೀ ಒಮ್ಮೆ ಕೇಳಿ ನೋಡು" ಅಂತ. ಹೋಗಿ ನೋಡಿದ್ರ ಡಬ್ಬಿದಲ್ಲ, ಖಿಡಕಿ ಆಚೆ ಬಾಜೂ ಮನಿಯವ್ರ ಮೋಟರ್ ನೀರಿಲ್ದ ಓಡ್ಲಿಕತ್ತಿತ್ತು. ಒದರಿ ಹೇಳಿ ಬಂದ್ ಮಾಡ್ಸಿದೆ.

ಅದಕ್ಕ ನನ್ನಂಗ ಒಲಿ ಮುಂದ ನಿಂತವ್ರಿಗೆ ಹೇಳೂದು ಇಷ್ಟ. ನಿಮಗ ಕೇಳಿಸಿದ್ದು ಖರೇ ಅದ. ಒಂದು ಸಲ ಹೇಳಿದ್ರ "ನಿನಗೇನ್ ತಿಳೀತದ" ಅಂತಾರ, ಅನ್ಲಿ. ಎರಡನೇ ಸಲ ಹೇಳ್ರಿ. ನಾ ಹೇಳ್ಲಿಲ್ಲ.